ಕುಡಿತ ಬಿಟ್ಟ ಮೂರನೆಯ ದಿನ

ತಪಸ್ಸುಕಾಲ ಸಮೀಪಿಸಿದಂತೆ ಚಾಂಪಿಯನ್ ರೀಫ್, ಮಾರಿಕುಪ್ಪಂ, ಬಂಗಾರಪೇಟೆಗಳ ಅನೇಕ ಮನೆಗಳಲ್ಲಿ ಮದ್ಯಪಾನ ತ್ಯಜಿಸುವ ಸಂಕಲ್ಪದ ಮಾತು ಕೇಳಿಬರುತ್ತದೆ. ಸಂಕಲ್ಪ ಸ್ತುತ್ಯರ್ಹವೇ ಸರಿ. ಹಲವು ವರ್ಷ ಪ್ರತಿನಿತ್ಯ ವಿಪರೀತ ಕುಡಿದ ಶರೀರವು ಅದನ್ನು ಹೇಗೆ ತಾಳಿಕೊಳ್ಳುತ್ತದೆಂಬುದನ್ನೂ ನಮ್ಮ ಕುಟುಂಬಗಳು ಅರಿತಿರಬೇಕು.

ಬಿಡಲೇಬೇಕೆಂಬುದರಲ್ಲಿ ಸಂಶಯವಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾದರೂ ವಿಸ್ಕಿ, ರಮ್ಮುಗಳಲ್ಲಿರುವುದು ಅದೇ ಮದ್ಯಸಾರ. ನಮ್ಮ ಊರಿಗಂತೂ ಇದು ಇಮ್ಮಡಿ ಪೆಟ್ಟು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದರೂ ಶಿಲಾಧೂಳಿನಿಂದ ಬಂದ ಸಿಲಿಕೋಸಿಸ್ ಹಳೆಯ ಕಾರ್ಮಿಕರ ಶ್ವಾಸಕೋಶವನ್ನು ಬಿಟ್ಟುಹೋಗಲಿಲ್ಲ. ಆ ರೋಗ ಕ್ಷಯಕ್ಕೆ ದಾರಿ ಮಾಡುತ್ತದೆ. ಕುಡಿತವೂ ದೇಹದ ನಿರೋಧಶಕ್ತಿಯನ್ನು ಕುಗ್ಗಿಸಿ ಅದೇ ದಾರಿಯನ್ನು ಅಗಲಗೊಳಿಸುತ್ತದೆ. ಕ್ಷಯದ ಮುಖ್ಯ ಔಷಧಿಗಳೋ ಯಕೃತ್ತಿಗೆ ಭಾರವಾದವು. ಕುಡಿತದಿಂದ ಮೊದಲೇ ಜರ್ಜರಿತವಾದ ಯಕೃತ್ತು ಆ ಭಾರವನ್ನು ಹೇಗೆ ಹೊತ್ತೀತು?

ಇನ್ನು ಬಿಡುವ ಬಗೆ. ಮದ್ಯಸಾರವು ಮೆದುಳನ್ನು ಮಂದಗೊಳಿಸುತ್ತದೆ. ಅದನ್ನು ಎದುರಿಸಲು ಮೆದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಅದಕ್ಕೇ ಒಗ್ಗಿಹೋಗುತ್ತದೆ. ಮದ್ಯ ಥಟ್ಟನೆ ನಿಂತರೆ ಉದ್ರೇಕ ಮಾತ್ರ ಉಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್. ಮೂರನೆಯ ದಿನದ ಹೊತ್ತಿಗೆ ಜ್ವರ, ಭ್ರಾಂತಿ, ಇಲ್ಲದವರನ್ನು ಕಂಡು ಬೆದರುವುದು. ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುವ ಈ ಸ್ಥಿತಿ ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವನ್ನೇ ತೆಗೆಯಬಲ್ಲದು. ದೆವ್ವ ಹಿಡಿದಿದೆಯೆಂದು ಇಂಥವರನ್ನು ಗುರುಗಳ ಬಳಿಗೆ ಕರೆತರುವುದುಂಟು. ಪ್ರಾರ್ಥನೆಗೆ ನಾವು ಆಸ್ಪತ್ರೆಗೇ ಬರುತ್ತೇವೆ. ಮೊದಲು ಅಲ್ಲಿಗೆ ಒಯ್ಯಿರಿ.

ಮತ್ತೆ ಕುಡಿದವನನ್ನು ಮನಸ್ಸು ಗಟ್ಟಿಯಿಲ್ಲದವನೆಂದು ಹಳಿಯುವುದು ಸುಲಭ. ಆತ್ಮವು ದೇಹದಲ್ಲಿ ಹಡಗಿನ ನಾವಿಕನಂತೆ ಇದೆಯೆಂಬ ಮತವನ್ನು ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ತಿರಸ್ಕರಿಸಿ, ಆತ್ಮ-ದೇಹಗಳೆರಡೂ ಕೂಡಿ ಒಬ್ಬನೇ ಮನುಷ್ಯನೆಂದು ಬೋಧಿಸಿದರು. ನಡುಗುವ ದೇಹಕ್ಕೆ ಔಷಧಿ ಕೊಡಿಸುವುದೆಂದರೆ ಸಂಕಲ್ಪಕ್ಕೇ ಊರುಗೋಲು ಕೊಟ್ಟಂತೆ.

ಬಹುಕಾಲ ಕುಡಿದವರು ವೈದ್ಯರ ನಿಗಾದಲ್ಲಿಯೇ ಬಿಡಬೇಕು. ಫಿಟ್ಸ್ ತಡೆಯುವ ಔಷಧಿಗಳುಂಟು. ಥಯಮಿನ್ ಜೀವಸತ್ವದ ತೀವ್ರ ಕೊರತೆಯನ್ನು ಸಕಾಲದಲ್ಲಿ ನೀಗದಿದ್ದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದಬಹುದು. ನಮ್ಮ ಜನ ದಿನವೂ ಕೆಲಸಕ್ಕೆಂದು ರೈಲಿನಲ್ಲಿ ಹೋಗುವ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕಾಲು ಮುರಿದೋ ಮತ್ತಾವುದಕ್ಕೋ ಆಸ್ಪತ್ರೆ ಸೇರಿದರೂ ಮದ್ಯ ನಿಲ್ಲುತ್ತದೆಂಬುದನ್ನು ಮರೆಯದಿರಿ. ದಿನಕ್ಕೆ ಎಷ್ಟು, ಎಷ್ಟು ವರ್ಷಗಳಿಂದ, ಕೊನೆಯ ಬಾರಿ ಯಾವಾಗ ಎಂದು ವೈದ್ಯರು ಕೇಳಿದಾಗ, ತಾಯಂದಿರೇ, ಮಾನಕ್ಕಂಜಿ ಕಡಮೆ ಹೇಳಬೇಡಿ. ಔಷಧಿಯ ಪ್ರಮಾಣವನ್ನು ಅವರು ಆ ಉತ್ತರ ನೋಡಿಯೇ ನಿಶ್ಚಯಿಸುತ್ತಾರೆ.