ಒಳಗೆ ಹೋದ ಉಸಿರು, ಹೊರಗೆ ಬಂದ ಉಸಿರು

ಬಾಣಂತಿ ಕೋಣೆಯ ಕಿಟಕಿ, ಬಾಗಿಲು ಮುಚ್ಚಿ ಮೂರು ನಾಲ್ಕು ಜನ ಮಲಗಿದರೆ, ಬಿಟ್ಟ ಉಸಿರೇ ಮಗುವಿಗೆ ವಿಷವಾದೀತೇ ಎಂದು ಓದುಗ ಸೋದರಿಯೊಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡೋಣ.

ಎಲೆಅಡಿಕೆ ತಟ್ಟೆಯಿಂದ ಹುಣಸೆಬೀಜದಷ್ಟು ಬಿಳಿ ಸುಣ್ಣ ತೆಗೆದು ಒಂದು ಲೋಟ ನೀರಿಗೆ ಕದಡಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಎರಡು ಗಾಜಿನ ಲೋಟಗಳಿಗೆ ಬಗ್ಗಿಸಿಕೊಳ್ಳಿ. ಒಂದಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿ; ಇನ್ನೊಂದಕ್ಕೆ ಎಳನೀರು ಕುಡಿಯುವ ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಊದಿದ ನೀರು ನೋಡನೋಡುತ್ತಲೇ ಹಾಲಿನಂತೆ ಬೆಳ್ಳಗಾಗುತ್ತೆ! ಮೊದಲನೆಯದು ತಿಳಿಯಾಗೇ ಇರುತ್ತೆ. (ಮಕ್ಕಳ ಕೈಗೆ ಕೊಡಬೇಡಿ, ಹೀರಿಬಿಟ್ಟಾರು.) ಸುಣ್ಣವನ್ನು ಬೆಳ್ಳಗೆ ಮಾಡಿದ್ದು ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಗಾಳಿಯಲ್ಲಿರುವ ಇದೇ ಅನಿಲವನ್ನು ಹೀರಿಕೊಂಡೇ.

ನಾವು ಎಳೆದುಕೊಳ್ಳುವ ಗಾಳಿಯ 100 ಪಾಲಿನಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇಂಗಾಲದ ಡೈ ಆಕ್ಸೈಡ್ ಬರೀ 0.04. ಹೊರಗೆ ಬರುವಾಗ ಆಮ್ಲಜನಕ ಸುಮಾರು 16ಕ್ಕೆ ಇಳಿದಿರುತ್ತೆ, ಇಂಗಾಲದ ಡೈ ಆಕ್ಸೈಡ್ 4ಕ್ಕೆ ಏರಿರುತ್ತೆ. ತಿಂದ ಅನ್ನ, ಮುದ್ದೆ ಮೈಯೊಳಗೆ ನಿಧಾನವಾಗಿ ಉರಿದುದರ ಲೆಕ್ಕ ಅದು. ಸಾರಜನಕ ಮಾತ್ರ ಮದುವೆಮನೆಗೆ ಹೋಗಿ ಉಣ್ಣದೆ ಬಂದ ನೆಂಟರ ಹಾಗೆ, ಹೋದಂತೆಯೇ ವಾಪಸು.

ಬಿಟ್ಟ ಉಸಿರಿನಲ್ಲಿ ಆಮ್ಲಜನಕವೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಮುಕ್ಕಾಲು ಪಾಲು ಉಳಿದೇ ಇರುತ್ತೆ. ನೀರಿಗೆ ಬಿದ್ದವರ ಬಾಯಿಗೆ ಬಾಯಿಟ್ಟು ಊದಿ ಬದುಕಿಸುವುದು ಇದರಿಂದಲೇ ಸಾಧ್ಯ. ಆದ್ದರಿಂದ ಸೋದರಿ, ಬಾಗಿಲ ಸಂದುಗಳಿರುವ ನಮ್ಮ ಮನೆಗಳಲ್ಲಿ ಬರೀ ಉಸಿರು ವಿಷವಾಗದು. ಸೆಕೆ, ತೇವ ಸೇರಿ ಕೋಣೆ ಗುಂ ಅನ್ನುತ್ತೆ, ಬೆಳಿಗ್ಗೆ ತಲೆ ಭಾರವಾಗುತ್ತೆ, ಅಷ್ಟೇ.

ನನಗೆ ಭಯವಿರುವುದು ಮಂಚದ ಪಕ್ಕದ ಅಗ್ಗಿಷ್ಟಿಕೆಯದು. ಕೆಂಡವೂ ನಮ್ಮಂತೆಯೇ ಆಮ್ಲಜನಕ ತಿನ್ನುತ್ತೆ. ಆದರೆ ಅದು ಬಿಡುವ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಇನ್ನೊಂದು ಅನಿಲವೂ ಇರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸುಣ್ಣದ ನೀರೂ ಅದನ್ನು ಹಿಡಿದುಕೊಡದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದಕ್ಕೆ ಅಂಟಿಕೊಳ್ಳುತ್ತೆ. ಮಲಗಿದವರು ಮಲಗಿದಂತೆಯೇ ಹೋಗಿಬಿಡಬಹುದು. ಹೊಗೆ ಅಡಗಿದ ಮೇಲೆ ಭಯವಿಲ್ಲ ಅನ್ನುತ್ತಾರಲ್ಲ, ಆ ಮಾತು ನಂಬಬೇಡಿ. ನಿಗಿನಿಗಿ ಕೆಂಡವೇ ಹೆಚ್ಚು ಮೋಸಗಾರ.

ಅತ್ತೆಯವರು, ಅಮ್ಮ "ಮಗೂಗೆ ಶೀತ ಆಗುತ್ತೆ" ಅಂದರೆ ಜಗಳ ಬೇಡ. ಟೋಪಿ, ಕಾಲುಚೀಲ, ಇನ್ನೊಂದು ಪದರ ಬಟ್ಟೆ ಹಾಕಿ. ಕೆಂಡವನ್ನು ಕೋಣೆಯೊಳಗೆ ತರುವುದೇ ಬೇಡ. ತೊಟ್ಟಿಲಿಗೆ ನೇರ ಗಾಳಿ ಬಡಿಯದ ಕಡೆಯ ಕಿಟಕಿ ತೆರೆದಿರಲಿ. ಬಚ್ಚಲುಮನೆಯೊಳಗೇ ಕೂರಿಸಿದ ಗ್ಯಾಸ್ ಗೀಸರಿಗೂ ಇದೇ ಮಾತು. ಅದನ್ನು ಹೊರಗಡೆ ಹಾಕಿಸಿ. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಬಂದರೆ, ಮಗು ಮಂಕಾದರೆ, ಕೂಡಲೇ ಎಲ್ಲರೂ ಬಯಲಿಗೆ ಬಂದು ಆಸ್ಪತ್ರೆಗೆ ಹೊರಡಿ. ಪಿತ್ತ ಅಂದುಕೊಂಡು ನಿಂಬೆಹಣ್ಣು ಹಿಂಡುತ್ತಾ ಕೂರಬೇಡಿ.