ದಾರದ ಕಸುಬಿಗೂ ಕಿರ್ದಿ ಬೇಕು

ಹುಬ್ಬು ತಿದ್ದುವ ಥ್ರೆಡಿಂಗ್ ಕಸುಬಿಗೆ ಬೇಕಾದುದು ಒಂದು ಉಂಡೆ ಹತ್ತಿದಾರ, ತುಸು ಪೌಡರು, ಕುರ್ಚಿ ಹಾಗೂ ಕನ್ನಡಿ. ಹೊಸೆದ ದಾರದ ನಡುವೆ ಕೂದಲನ್ನು ಸಿಲುಕಿಸಿ ಬುಡಸಹಿತ ಕೀಳುವ ಕೈಚಳಕವೇ ಇಲ್ಲಿನ ನಿಜವಾದ ಬಂಡವಾಳ. ಆದುದರಿಂದಲೇ ಇದು ಹಣಬಲವಿಲ್ಲದ ಅನೇಕ ಮಹಿಳೆಯರಿಗೆ ಜೀವನೋಪಾಯವಾಗಿದೆ.

2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಸೇವೆಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ದುಬಾರಿ ಯಂತ್ರಗಳುಳ್ಳ ಸಲೂನುಗಳಿಗೆ ಇದು ಹೊರೆಯಾದೀತು. ದಾರವನ್ನೇ ನಂಬಿದವರಿಗೆ ಅಷ್ಟಾಗಿ ಬಾಧಕವಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರಿಗಂತೂ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನೋಂದಣಿಯೇ ಕಡ್ಡಾಯವಲ್ಲ.

ಹಾಗೆಂದು ಲೆಕ್ಕವನ್ನು ಅಲಕ್ಷಿಸಲಾಗದು. 2025ರ ಜುಲೈನಲ್ಲಿ ಯು.ಪಿ.ಐ. ಜಮೆಗಳನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳು ಬಂದುದು ಎಲ್ಲರಿಗೂ ತಿಳಿದಿದೆ. ನನ್ನ ಬಳಿಗೆ ಬರುವ ಪಾರ್ಲರ್ ಒಡತಿಯರಲ್ಲಿ ಹಲವರು ಗಿರಾಕಿಯ ಹಣ, ಚೀಟಿಯ ಹಣ, ತಮ್ಮನಿಂದ ಪಡೆದ ಕೈಗಡ ಎಲ್ಲವನ್ನೂ ಒಂದೇ ಖಾತೆಗೆ ಪಡೆಯುತ್ತಾರೆ. ಇದರಲ್ಲಿ ವಹಿವಾಟು ಎಷ್ಟೆಂದು ತೋರಿಸಲು ಅವರಲ್ಲಿ ಒಂದು ಹಾಳೆಯೂ ಇರುವುದಿಲ್ಲ.

ವ್ಯವಹಾರಕ್ಕೊಂದು ಪ್ರತ್ಯೇಕ ಖಾತೆ, ದಿನನಿತ್ಯ ಬರೆಯುವ ಕಿರ್ದಿ ಇವೆರಡಿದ್ದರೆ ಅರ್ಧ ಚಿಂತೆ ನೀಗುತ್ತದೆ. ವಾಣಿಜ್ಯ ಸಂಸ್ಥೆಗಳು ಈ ಮಹಿಳೆಯರನ್ನೂ ವ್ಯಾಪಾರಿಗಳೆಂದೇ ಎಣಿಸಿ, ಲೆಕ್ಕ ಬರೆಯುವ ತರಬೇತಿಯನ್ನು ನೀಡಲಿ.