‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದು ಬಂದರೆ ಕಂಪ್ಯೂಟರ್ ಹ್ಯಾಕ್ ಆಗಿದೆ ಎಂದರ್ಥವೇ?

ಆಫೀಸಿನ ಕಂಪ್ಯೂಟರ್‌ನಲ್ಲಿ ವಾಲ್‌ಪೇಪರ್ ಬದಲಿಸಲು ಹೋಗುತ್ತೀರಿ. ಆ ಆಯ್ಕೆ ಬೂದು ಬಣ್ಣದಲ್ಲಿದೆ, ಒತ್ತಿದರೂ ಕೆಲಸ ಮಾಡುವುದಿಲ್ಲ. ಪೆನ್‌ಡ್ರೈವ್ ಹಾಕಿದರೆ ತೆರೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂಬ ಸಾಲು ಬೇರೆ. ಇದನ್ನು ಕಂಡು ‘ಯಾರೋ ಹ್ಯಾಕ್ ಮಾಡಿದ್ದಾರೆ’ ಎಂದು ಹಲವರು ಗಾಬರಿಯಾಗುತ್ತಾರೆ. ಇದು ನಿಜವೇ? ನೋಡೋಣ.

ಏನಿದು ಗ್ರೂಪ್ ಪಾಲಿಸಿ?

ನೂರಾರು ಕಂಪ್ಯೂಟರ್‌ಗಳಿರುವ ಕಚೇರಿಯಲ್ಲಿ ಒಂದೊಂದರ ಮುಂದೆಯೂ ಕುಳಿತು ಸೆಟ್ಟಿಂಗ್ ಬದಲಿಸಲು ಆಗದು. ಅದಕ್ಕಾಗಿ ಮೈಕ್ರೋಸಾಫ್ಟ್ ‘ವಿಂಡೋಸ್ 2000’ ಜೊತೆಗೆ ಗ್ರೂಪ್ ಪಾಲಿಸಿ ಎಂಬ ವ್ಯವಸ್ಥೆ ತಂದಿತು. ಐಟಿ ವಿಭಾಗದವರು ಸರ್ವರ್‌ನಲ್ಲಿ ಒಮ್ಮೆ ನಿಯಮ ಬರೆದಿಟ್ಟರೆ ಸಾಕು. ಕಂಪ್ಯೂಟರ್ ಆನ್ ಆದಾಗ ಮತ್ತು ನೀವು ಲಾಗಿನ್ ಆದಾಗ ಅದು ಸರ್ವರ್‌ನಿಂದ ನಿಯಮಗಳನ್ನು ಪಡೆಯುತ್ತದೆ. ಆಮೇಲೆ ಸಾಮಾನ್ಯವಾಗಿ 90ರಿಂದ 120 ನಿಮಿಷಕ್ಕೊಮ್ಮೆ ಹೊಸದೇನಾದರೂ ಇದೆಯೇ ಎಂದು ವಿಚಾರಿಸುತ್ತದೆ. ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ಸರ್ವರ್ ಮೇಲೆ ಬೀಳದಿರಲಿ ಎಂದೇ ಈ 30 ನಿಮಿಷದ ಅಂತರ. ಅಕೌಂಟ್ಸ್ ವಿಭಾಗಕ್ಕೆ ಒಂದು ನಿಯಮ, ಕಾಲೇಜು ಲ್ಯಾಬ್‌ಗೆ ಇನ್ನೊಂದು, ಹೀಗೂ ಮಾಡಬಹುದು.

ಇಷ್ಟು ಬಿಗಿ ಏಕೆ?

2008ರ ಕೊನೆಯಲ್ಲಿ ಕಾಣಿಸಿಕೊಂಡ ‘ಕಾನ್ಫಿಕರ್’ ವೈರಸ್ ಪೆನ್‌ಡ್ರೈವ್ ಮೂಲಕವೂ ಹರಡುತ್ತಿತ್ತು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನೆಟ್‌ವರ್ಕ್‌ನಲ್ಲಿ ಒಬ್ಬರ ಅಜಾಗ್ರತೆ ಎಲ್ಲರಿಗೂ ಕುತ್ತು. ಹಾಗಾಗಿಯೇ ಪೆನ್‌ಡ್ರೈವ್ ಮತ್ತು ಅಪ್‌ಡೇಟ್ ವಿಷಯವನ್ನು ಪ್ರತಿಯೊಬ್ಬರ ಇಷ್ಟಕ್ಕೆ ಬಿಡುವುದಿಲ್ಲ.

ನಮ್ಮ ಮೇಲೆ ಕಣ್ಣಿಡುತ್ತಾರೆಯೇ?

ಪಾಲಿಸಿ ಎಂಬುದು ಸೆಟ್ಟಿಂಗ್‌ಗಳ ಪಟ್ಟಿ, ಕ್ಯಾಮೆರಾ ಅಲ್ಲ. ಆದರೆ ಐಟಿ ವಿಭಾಗಕ್ಕೆ ನಿಗಾ ಇಡುವ ಸಾಫ್ಟ್‌ವೇರ್ ಹಾಕುವ ಅಧಿಕಾರವೂ ಇರುತ್ತದೆ. ಆದ್ದರಿಂದ ಆಫೀಸ್ ಕಂಪ್ಯೂಟರ್‌ನಲ್ಲಿ ಖಾಸಗಿ ಫೋಟೊ, ಬ್ಯಾಂಕ್ ವ್ಯವಹಾರ ಬೇಡ.

ಯಾವಾಗ ಅನುಮಾನ ಪಡಬೇಕು?

ಮನೆಯ ಸ್ವಂತ ಕಂಪ್ಯೂಟರ್‌ನಲ್ಲಿ ಈ ಸಾಲು ಕಂಡರೆ ಪರಿಶೀಲಿಸಿ. ಆಫೀಸ್ ಅಥವಾ ಕಾಲೇಜಿನ ಖಾತೆ ಸೇರಿಸಿದ್ದರೆ, ಕೆಲವು ಆಂಟಿವೈರಸ್ ಹಾಕಿದ್ದರೆ ಇದು ಬರಬಹುದು. ಅವು ಯಾವುವೂ ಇಲ್ಲ, ಬ್ರೌಸರ್‌ನ ಸರ್ಚ್ ಪುಟ ತಾನಾಗಿಯೇ ಬದಲಾಗಿದೆ, ಗೊತ್ತಿಲ್ಲದ ಎಕ್ಸ್‌ಟೆನ್ಶನ್ ತೆಗೆಯಲು ಬರುತ್ತಿಲ್ಲ ಎಂದಾದರೆ ಕುತಂತ್ರಾಂಶವೇ ಪಾಲಿಸಿಯನ್ನು ದುರುಪಯೋಗ ಮಾಡಿಕೊಂಡಿರಬಹುದು. ಆಂಟಿವೈರಸ್ ಸ್ಕ್ಯಾನ್ ಮಾಡಿಸಿ, ತಿಳಿದವರಿಗೆ ತೋರಿಸಿ.

ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗಲೂ ಲಾಕ್ ಸ್ಕ್ರೀನ್‌ನಲ್ಲಿ ‘ಈ ಸಾಧನ ಸಂಸ್ಥೆಗೆ ಸೇರಿದ್ದು’ ಎಂಬ ಬರಹವಿದೆಯೇ ನೋಡಿ. ಇದ್ದರೆ ಹಣ ಕೊಡಬೇಡಿ. ಆ ಸಂಸ್ಥೆ ದೂರದಿಂದಲೇ ಫೋನನ್ನು ಲಾಕ್ ಮಾಡಬಹುದು, ಅದರಲ್ಲಿರುವುದನ್ನೆಲ್ಲ ಅಳಿಸಲೂಬಹುದು.

‘ಆಫೀಸ್ ಲಾಕ್ ತೆಗೆಯುವ ಟ್ರಿಕ್’ ಎಂದು ವಾಟ್ಸಾಪ್‌ನಲ್ಲಿ ಫೈಲ್ ಬಂದರೆ ತೆರೆಯಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ. ಇಲ್ಲದ ಹ್ಯಾಕರ್‌ಗೆ ಹೆದರಿ, ನಿಜವಾದ ಹ್ಯಾಕರ್‌ಗೆ ನಾವೇ ಬಾಗಿಲು ತೆರೆದಂತಾಗುತ್ತದೆ.

ಒಟ್ಟಿನಲ್ಲಿ: ಆಫೀಸ್, ಕಾಲೇಜಿನ ಕಂಪ್ಯೂಟರ್‌ನಲ್ಲಿ ಈ ಸಾಲು ಸಹಜ. ಅದು ಹ್ಯಾಕ್ ಆದ ಲಕ್ಷಣವಲ್ಲ. ಸ್ವಂತ ಕಂಪ್ಯೂಟರ್‌ನಲ್ಲಿ ಕಾರಣವಿಲ್ಲದೆ ಕಂಡರೆ ಮಾತ್ರ ಪರೀಕ್ಷಿಸಿ.